ಅಪ್ಪನಿಗೆ ಹೇಳದೆ ಹಾಕಿದ ಅರ್ಜಿ

ಹೋದ ತಿಂಗಳು ರಾಮನಗರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಛತ್ರದ ಹಿಂಬದಿಗೆ ಹೋದರೆ ಪಕ್ಕದ ಓಣಿಯಲ್ಲಿ ಯಾರೋ ರೇಷ್ಮೆಗೂಡು ಬೇಯಿಸುತ್ತಿದ್ದರು. ಆ ವಾಸನೆ ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ, ಗೊತ್ತಿದ್ದವರಿಗೆ ಹೇಳುವುದೇ ಬೇಡ. ಬೆಂಗಳೂರಿನಿಂದ ಬಂದಿದ್ದ ಹೆಂಗಸರೆಲ್ಲ ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡಿದರು. ನಾನು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತೆ. "ಏನ್ರೀ, ನಿಮಗೆ ವಾಸನೆ ಬರಲ್ವಾ?" ಎಂದು ಒಬ್ಬಾಕೆ ಕೇಳಿದಳು. ಬರುತ್ತದೆ ತಾಯಿ, ಬರದೆ ಏನು. ಅದು ಬಂದಾಗಲೆಲ್ಲ ನನಗೆ ಹತ್ತೊಂಬತ್ತು ತುಂಬುತ್ತದೆ, ಎಲ್ಲಿಗೋ ಹೋಗಬೇಕಾದ ಬಸ್ಸು ತಪ್ಪಿಹೋದೀತು ಅನ್ನಿಸುತ್ತದೆ.

ನಮ್ಮೂರು ಕೂಟಗಲ್ ಹೋಬಳಿಯ ಒಂದು ಹಳ್ಳಿ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಒಂದಿಷ್ಟು ಹಿಪ್ಪುನೇರಳೆ ತೋಟ, ಎರಡು ಸೀಮೆಹಸು, ಮನೆಯ ಅರ್ಧವನ್ನು ನುಂಗಿಕೊಂಡಿದ್ದ ರೇಷ್ಮೆಹುಳುವಿನ ಕೋಣೆ. ಅಪ್ಪ ಒಳ್ಳೆಯ ಮನುಷ್ಯ, ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಹಸು ಗಬ್ಬವಾದದ್ದು ಹಸುವಿಗೆ ಗೊತ್ತಾಗುವ ಮೊದಲೇ ಊರಿಗೆ ಗೊತ್ತಾಗಿರುತ್ತಿತ್ತು. ನಾನು ರಾಮನಗರದಲ್ಲಿ ಪಿಯುಸಿಗೆ ಸೈನ್ಸ್ ತೆಗೆದುಕೊಂಡಾಗ, "ನನ್ ಮಗ್ಳು ಡಾಕ್ಟ್ರಾಯ್ತಾಳೆ" ಎಂದು ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆಲ್ಲ ಹೇಳಿದ. ಎರಡನೇ ವರ್ಷದ ರಿಸಲ್ಟ್ ಬರುವ ಹಿಂದಿನ ದಿನವೇ ಸ್ವೀಟು ತಂದು ಮನೆಮನೆಗೆ ಹಂಚಿಬಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ನಮ್ಮಪ್ಪ ಕುಲಾವಿ ಹೊಲಿಸಿ, ಅದಕ್ಕೆ ಜರಿ ಹಾಕಿಸಿ, ಊರ ತುಂಬ ಮೆರವಣಿಗೆಯನ್ನೂ ಮಾಡಿಸಿಬಿಟ್ಟಿದ್ದ.

ನಾನು ಫಿಸಿಕ್ಸಿನಲ್ಲಿ ಫೇಲಾದೆ. ಉಳಿದದ್ದರಲ್ಲೂ ಹೇಳಿಕೊಳ್ಳುವಂಥ ಮಾರ್ಕ್ಸ್ ಏನೂ ಇರಲಿಲ್ಲ.

ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಮರುದಿನದಿಂದ ಡೇರಿಗೆ ಹಾಲು ಹಾಕಲು ಅವ್ವನನ್ನು ಕಳಿಸತೊಡಗಿದ. ತೋಟಕ್ಕೆ ಹೋಗುವಾಗ ಊರ ಮುಂದಿನ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದ. ಮರುಪರೀಕ್ಷೆಯಲ್ಲಿ ಪಾಸಾದೆ, ಸರಿಯಾಗಿ ಮೂವತ್ತೈದು. ಅಷ್ಟು ಹೊತ್ತಿಗೆ ಕಾಲೇಜುಗಳೆಲ್ಲ ಬಾಗಿಲು ಹಾಕಿದ್ದವು. ನನಗೆ ಕೆಟ್ಟ ಸಿಟ್ಟು. ಫಿಸಿಕ್ಸಿನ ಮೇಲೆ ಸಿಟ್ಟು, ಅಪ್ಪನ ಮೇಲೆ ಸಿಟ್ಟು, ಸ್ವೀಟು ತಿಂದು "ಪಾಪ" ಅಂದ ಊರಿನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಕೆರೆ ಏರಿಯ ಮೇಲೆ ತಲೆ ತಗ್ಗಿಸಿ ನಡೆಯುತ್ತಿದ್ದ ಆ ಬೆನ್ನನ್ನು ದಿನಾ ನೋಡಬೇಕಾಗಿ ಬಂತಲ್ಲ ಎಂದು ನನ್ನ ಮೇಲೆಯೇ ಸಿಟ್ಟು.

ಆ ಸಿಟ್ಟಿನಲ್ಲೇ ಹುಳುವಿನ ಕೋಣೆ ಸೇರಿದೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ನನ್ನ ಕಣ್ಣು ಅವಳಿಗೆ ಬೇಕಿತ್ತು. ಕಾಲು ತೊಳೆದು, ಕೈ ತೊಳೆದು, ತಲೆಯ ಹೂವು ತೆಗೆದಿಟ್ಟು ಒಳಗೆ ಬರಬೇಕು. ಒಂದೊಂದು ತಟ್ಟೆಯನ್ನೂ ಎಳೆದು ನೋಡಬೇಕು. ಯಾವ ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುಮ್ಮನೆ ಅಲೆಯುತ್ತಿದೆಯೋ, ಯಾವುದರ ಮೈ ಊದಿ ಮಿರಮಿರ ಹೊಳೆಯುತ್ತಿದೆಯೋ, ಅದಕ್ಕೆ ಹಾಲುರೋಗ. ತಕ್ಷಣ ಎತ್ತಿ ಕೆಳಗಿಟ್ಟ ಸುಣ್ಣದ ಬೋಗುಣಿಗೆ ಹಾಕಬೇಕು. "ಯೋಚ್ನೆ ಮಾಡ್ಕಂಡು ನಿಂತ್ಕಬ್ಯಾಡ ಕಣಮ್ಮಿ. ನೀನು ಯೋಚ್ನೆ ಮಾಡೋ ಒಳಗೆ ಅದು ಹತ್ತಕ್ಕೆ ಅಂಟಿಸ್ಬುಡ್ತದೆ. ಕಂಡ್ಯಾ, ಎತ್ತು, ಬಿಸಾಕು" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಮೂರು ಬೆಳೆ ಕಳೆಯುವಷ್ಟರಲ್ಲಿ ನನ್ನ ಕೈ ನನ್ನನ್ನು ಕೇಳದೆಯೇ ಹುಳು ಎತ್ತುವಂತಾಯಿತು. ಆ ಮೂರೂ ಬೆಳೆ ಚೆನ್ನಾಗಿ ಬಂದವು. ಹುಳು ಸಾಕುವುದನ್ನು ಯಾರಾದರೂ ಪರೀಕ್ಷೆಗೆ ಇಟ್ಟಿದ್ದರೆ ನಾನು ಫಸ್ಟ್ ಕ್ಲಾಸು ಎಂದು ಒಂದು ದಿನ ಅವ್ವನ ಹತ್ತಿರ ಜಂಬ ಕೊಚ್ಚಿಕೊಂಡೆ.

ಇಟ್ಟಿದ್ದರು. ಅದನ್ನು ಹೇಳಿದವರು ಹುಳು ನೋಡಲು ಬಂದ ರೇಷ್ಮೆ ಇಲಾಖೆಯ ಸಾಹೇಬರು. ಬೆಂಗಳೂರಿನ ದೊಡ್ಡ ಕೃಷಿ ಯೂನಿವರ್ಸಿಟಿಯಲ್ಲಿ ರೈತರ ಮಕ್ಕಳಿಗೆ ಅಂತಲೇ ಕೆಲವು ಸೀಟು ಇಟ್ಟಿರುತ್ತಾರೆ, ಅದಕ್ಕೊಂದು ಪ್ರಾಕ್ಟಿಕಲ್ ಪರೀಕ್ಷೆ ಇದೆ. "ಬೀಜ, ಗೊಬ್ಬರ, ಕಳೆ, ಹುಳು ಎಲ್ಲಾ ಮುಂದಿಟ್ಟು ಕೇಳ್ತಾರಮ್ಮ. ಪಿಯುಸಿ ಮಾರ್ಕ್ಸ್ ಕಡಿಮೆ ಇದ್ರೂ ಅದ್ರಲ್ಲಿ ಮೇಲೆ ಬಂದ್ರೆ ಆಸೆ ಇಟ್ಕೋಬಹುದು" ಅಂದರು. ಅಪ್ಪ ಆಗ ತೋಟದಲ್ಲಿದ್ದ. ನನಗೆ ಮೈಯೆಲ್ಲ ಜುಮ್ಮೆಂದಿತು. ಆ ಯೂನಿವರ್ಸಿಟಿಗೆ ಸೇರಬೇಕೆಂದು ಊರೂರ ರ‍್ಯಾಂಕ್ ಹುಡುಗರೆಲ್ಲ ಸಾಲು ನಿಲ್ಲುತ್ತಾರೆ ಎಂದು ಕಾಲೇಜಿನಲ್ಲಿ ಕೇಳಿದ್ದೆ. ಮೂವತ್ತೈದರ ನಾನು ಅಲ್ಲಿ ನಿಲ್ಲುವುದಾ! ನಿಲ್ಲುತ್ತೇನೆ ಅಂದುಕೊಂಡೆ. ಆದರೆ ಅಪ್ಪನಿಗೆ ಹೇಳಬಾರದು. ಇನ್ನೊಂದು ಸಲ ಸ್ವೀಟು ಹಂಚಿ, ಇನ್ನೊಂದು ಸಲ ಅವನು ಕೆರೆ ಏರಿ ಹಿಡಿಯುವುದು ನನ್ನಿಂದ ನೋಡಲಾಗುತ್ತಿರಲಿಲ್ಲ.

ಮೂವರು ಹೆಂಗಸರು ಸೇರಿ ಸಂಚು ಮಾಡಿದೆವು. ಪೋಷಕರ ಸಹಿ ಅವ್ವನದು, ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು ಹಾಕಿದಳು. ರೈತ ಕುಟುಂಬ ಎನ್ನುವ ಸರ್ಟಿಫಿಕೇಟಿಗೆ ಜಮೀನಿನ ಪಹಣಿ ಬೇಕಿತ್ತು. ಪುಣ್ಯಕ್ಕೆ ಜಮೀನು ಅಜ್ಜಿಯ ಹೆಸರಿನಲ್ಲಿತ್ತು. ಅಜ್ಜಿಯನ್ನು ಬಸ್ಸು ಹತ್ತಿಸಿಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿ ನಮ್ಮೂರ ಲೆಕ್ಕಿಗರು ಎದುರಾಗಬೇಕೆ! "ಏನಜ್ಜಿ, ಇಷ್ಟು ದೂರ?" ಅಂದರು. ಅಜ್ಜಿ ರೆಪ್ಪೆ ಮಿಟುಕಿಸದೆ, "ಪಿಂಚಣಿಗೆ ಕಣಪ್ಪ. ಮಗನ್ಗೆ ಯೋಳ್ಬ್ಯಾಡ, ಅವ್ವ ದುಡ್ಡಿಗೆ ಆಸೆ ಬಿದ್ಳು ಅಂತ ಬೇಜಾರು ಮಾಡ್ಕತ್ತಾನೆ" ಅಂದಳು. ಎಂಬತ್ತರ ಹತ್ತಿರದ ಮುದುಕಿ ಹಾಗೆ ಸುಳ್ಳು ಹೇಳುವುದನ್ನು ನೋಡಿ ನನಗೆ ನಗು ತಡೆಯಲಾಗದೆ ಕಂಬದ ಮರೆಗೆ ಹೋದೆ. ಅರ್ಜಿ ಅಂಚೆಗೆ ಹಾಕಿ, ಉತ್ತರ ಬಂದರೆ ಅಜ್ಜಿಯ ಕೈಗೇ ಕೊಡಬೇಕೆಂದು ಪೋಸ್ಟಣ್ಣನಿಗೆ ಹೇಳಿಟ್ಟೆ. ಜನ್ಮದಲ್ಲಿ ಒಂದು ಕಾಗದ ಕಾಣದ ಅಜ್ಜಿ ದಿನಾ ಜಗಲಿಯ ಮೇಲೆ ಅವನಿಗಾಗಿ ಕಾಯತೊಡಗಿದಳು.

ಆಮೇಲೆ ತಯಾರಿ. ಅಜ್ಜಿ ಸೆರಗಿನ ತುದಿಯಲ್ಲಿ ಬೀಜ ಕಟ್ಟಿಕೊಂಡು ಬರುತ್ತಿದ್ದಳು. ಕಣ್ಣು ಮುಚ್ಚಿಸಿ ಅಂಗೈಗೆ ಹಾಕಿ, "ಯೋಳು" ಅನ್ನುವಳು. ನವಣೆಯಾ, ಸಾಮೆಯಾ, ಹುಚ್ಚೆಳ್ಳಾ, ಅಲಸಂದೆಯಾ? ತಪ್ಪು ಹೇಳಿದರೆ ಬೆರಳ ಗಿಣ್ಣಿಗೆ ಒಂದು ಏಟು. ತೋಟಕ್ಕೆ ಸೊಪ್ಪು ಕೀಳಲು ಹೋದಾಗ ಕಳೆಗಳ ಹೆಸರು ಬಾಯಿಪಾಠ. ಹಸುವಿಗೆ ಹುಲ್ಲು ಹಾಕುವಾಗ ಗೊಬ್ಬರದ ಚೀಲದ ಮೇಲಿನ ಅಕ್ಷರ ಬಾಯಿಪಾಠ. ಎರಡು ವರ್ಷ ಪುಸ್ತಕ ಹಿಡಿದು ನಿದ್ದೆ ಹೊಡೆದಿದ್ದ ನನಗೆ ಈಗ ಕೂತಲ್ಲಿ ನಿಂತಲ್ಲಿ ಓದುವ ಹುಚ್ಚು. ಇಷ್ಟು ಖುಷಿಯಾಗಿ ನಾನು ಯಾವ ಪರೀಕ್ಷೆಗೂ ಓದಿರಲಿಲ್ಲ.

ಪರೀಕ್ಷೆಯ ತಾರೀಖು ಬರೆದ ಕಾಗದ ಅಜ್ಜಿಯ ಕೈ ಸೇರಿತು. ನಾನು ಬೆರಳೆಣಿಸಿ ಲೆಕ್ಕ ಹಾಕಿದೆ. ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಚರ್ಮ ಕಳಚುತ್ತದೆ. ನಾಲ್ಕನೆಯ ಸಲ ಎದ್ದ ಏಳನೇ ದಿನಕ್ಕೆ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಆ ದಿನ ಮನೆಯ ಅಷ್ಟೂ ಕೈಗಳು ಹಣ್ಣುಹುಳು ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೆಯೇ ನೂಲು ಉಗುಳಿ, ತಿಂಗಳ ದುಡಿಮೆ ಕಸದ ಪಾಲು. ನನ್ನ ಲೆಕ್ಕದಲ್ಲಿ ಆ ಕೆಲಸ ಪರೀಕ್ಷೆಗೆ ಎರಡು ದಿನ ಮೊದಲೇ ಮುಗಿಯುತ್ತಿತ್ತು. ಗೆಳತಿಯ ಮನೆಗೆ ಹೋಗುತ್ತೇನೆಂದು ಹೇಳಿ ಬೆಂಗಳೂರು ಬಸ್ಸು ಹತ್ತುವುದು ಎಂದು ನಿಶ್ಚಯಿಸಿದ್ದೆ.

ಲೆಕ್ಕದಲ್ಲಿ ನಾನು ಮಳೆಯನ್ನು ಸೇರಿಸಿರಲಿಲ್ಲ. ನಾಲ್ಕು ದಿನ ಬಿಡದೆ ಜಡಿ ಹಿಡಿಯಿತು. ಸೊಪ್ಪೆಲ್ಲ ಒದ್ದೆ, ಪಡಸಾಲೆಗೆ ಹಗ್ಗ ಕಟ್ಟಿ ಸೊಪ್ಪು ಆರಿಸಿದೆವು. ಥಂಡಿಗೆ ಹುಳು ಮಂಕಾಗಿ ಅರ್ಧ ಮೇವು ತಿನ್ನತೊಡಗಿದವು. ನಾನು ತಟ್ಟೆ ತಟ್ಟೆಗೂ ಹೋಗಿ, "ಬೇಗ ತಿನ್ನಿ, ನಿಮ್ಮ ದಮ್ಮಯ್ಯ" ಅನ್ನುತ್ತಿದ್ದೆ. ಇದ್ದಿಲ ಒಲೆ ಹಚ್ಚಿ ಕೋಣೆಯನ್ನು ಇನ್ನಷ್ಟು ಕಾಯಿಸೋಣವೆಂದರೆ ಅಜ್ಜಿ ಕೈ ಹಿಡಿದಳು. "ಬ್ಯಾಡ ಕಣಮ್ಮಿ. ನಿನ್ ಅವಸರ ಹುಳಕ್ಕೆ ಕಲಿಸ್ಬ್ಯಾಡ, ಸತ್ತೋಯ್ತವೆ." ಪರೀಕ್ಷೆಗೆ ಎರಡು ದಿನ ಇರುವಾಗ ಅಪ್ಪ ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿ, "ನಾಡಿದ್ದಕ್ಕೆ ಹಣ್ಣು. ಯಾರೂ ಎಲ್ಲಿಗೂ ಹೋಗಂಗಿಲ್ಲ" ಅಂದ.

ಅವ್ವ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿದಳು. ಅಜ್ಜಿ ಗೋಡೆ ಕಡೆ ತಿರುಗಿದಳು. ಹೇಳದೆ ದಾರಿಯಿರಲಿಲ್ಲ.

"ಅಪ್ಪ, ನಾಡಿದ್ದು ನಂಗೆ ಬೆಂಗಳೂರಲ್ಲಿ ಪರೀಕ್ಷೆ ಐತೆ."

ಅರ್ಜಿ ಹಾಕಿದ್ದು, ಸರ್ಟಿಫಿಕೇಟು ತಂದದ್ದು, ಅಜ್ಜಿಯ ಪಿಂಚಣಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಪ್ಪ ಕೈಯಲ್ಲಿದ್ದ ಹುಳುವನ್ನು ಮೆಲ್ಲಗೆ ತಟ್ಟೆಗೆ ಬಿಟ್ಟ.

"ಮನೇಲಿ ಎಲ್ರಿಗೂ ಗೊತ್ತು, ನಂಗೊಬ್ನಿಗೆ ಗೊತ್ತಿಲ್ಲ. ಯಾಕವ್ವ ಯೋಳ್ಲಿಲ್ಲ?" ಎಂದು ನನ್ನನ್ನೇ ಕೇಳಿದ.

"ನೀನು ಊರಿಗೆಲ್ಲಾ ಯೋಳ್ಬುಡ್ತೀಯ. ಆಮೇಲೆ ಸಿಕ್ಕದಿದ್ರೆ ತಲೆ ತಗ್ಗಿಸ್ಕಂಡು ಏರಿ ಮ್ಯಾಲೆ ಓಡಾಡ್ತೀಯ. ನಂಗೆ ಅದನ್ನ ನೋಡಕಾಗಲ್ಲ."

ಅಷ್ಟು ಹೇಳಿ ಅತ್ತುಬಿಟ್ಟೆ. ಅಪ್ಪ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಮಳೆ ನೋಡುತ್ತ ಒಂದು ಬೀಡಿ ಮುಗಿಯುವ ತನಕ ಕೂತಿದ್ದ. ಆಮೇಲೆ ಬಾಗಿಲಲ್ಲಿ ನಿಂತು, "ಹೋಗಿ ಬರ‍್ದು ಬಾ. ಹುಳ ನಾ ನೋಡ್ಕತ್ತೀನಿ. ನನ್ ಬಾಯಿಂದ ಒಂದು ಮಾತೂ ಆಚಿಗೆ ಹೋಗಲ್ಲ" ಅಂದ. ನಾನು ನಂಬಲಿಲ್ಲ. ನಂಬಿದೆನೆಂದು ಈಗ ಹೇಳಿದರೆ ಅದು ಸುಳ್ಳಾದೀತು.

ಮನೆಯ ಒಂದು ಕೈ ಕಡಿಮೆಯಾದಾಗ ನಮ್ಮ ಕಡೆ ಮುಯ್ಯಾಳು ಕರೆಯುತ್ತಾರೆ. ಇವತ್ತು ಅವರು ನಮಗೆ ಬಂದರೆ ನಾಳೆ ನಾವು ಅವರಿಗೆ ಹೋಗಬೇಕು. ಕರೆಯುವಾಗ ಮನೆಯ ಹುಡುಗಿ ಎಲ್ಲಿ ಎಂದು ಕೇಳೇ ಕೇಳುತ್ತಾರೆ. ಅಪ್ಪ ಅದಕ್ಕೇನು ಹೇಳುತ್ತಾನೋ ಎನ್ನುವ ಚಿಂತೆಯಲ್ಲೇ ಬೆಳಗಿನ ಮೊದಲ ಬಸ್ಸು ಹತ್ತಿದೆ. ರಾಮನಗರದಲ್ಲಿ ಬಸ್ಸು ಬದಲಿಸಿ, ಮೆಜೆಸ್ಟಿಕ್‌ನಲ್ಲಿ ಇನ್ನೊಂದು ಹಿಡಿದು, ಆ ಯೂನಿವರ್ಸಿಟಿಯ ಗೇಟಿನ ಮುಂದೆ ಇಳಿದಾಗ ಮಳೆ ನಿಂತು ಬಿಸಿಲು ಬಂದಿತ್ತು. ಅಬ್ಬಾ, ಅದೇನು ಜಾಗ! ಎರಡೂ ಕಡೆ ಮರ, ಕಣ್ಣು ಹಾಯುವಷ್ಟು ದೂರ ಹೊಲ, ಹೊಲದ ನಡುವೆ ಹೆಸರು ಬರೆದ ಬೋರ್ಡುಗಳು. ನಮ್ಮ ರಾಗಿಗೂ ಒಂದು ಬೋರ್ಡು! ಸೇರಿದರೆ ಇಲ್ಲೇ ಸೇರಬೇಕು ಅನ್ನಿಸಿತು. ಅಲ್ಲಿಯ ತನಕ ಅಪ್ಪನ ಮಾನದ ಪ್ರಶ್ನೆಯಾಗಿದ್ದದ್ದು ಆ ಗಳಿಗೆಯಿಂದ ನನ್ನ ಸ್ವಂತ ಆಸೆಯಾಯಿತು.

ಉದ್ದನೆಯ ಹಾಲ್‌ನಲ್ಲಿ ಸಾಲಾಗಿ ಮೇಜುಗಳು. ಒಂದೊಂದು ಮೇಜಿನ ಮುಂದೆ ನಿಂತು, ಅಲ್ಲಿಟ್ಟಿರುವುದು ಏನೆಂದು ಬರೆದು, ಗಂಟೆ ಬಾರಿಸಿದಾಗ ಮುಂದಿನ ಮೇಜಿಗೆ ಹೋಗಬೇಕು. ಬೀಜದ ಮೇಜು ಬಂದಾಗ ಅಜ್ಜಿಯ ಏಟು ತಿಂದ ಗಿಣ್ಣೇ ಉತ್ತರ ಬರೆಯಿತು. ಕಳೆ ಸಲೀಸು. ಗೊಬ್ಬರದಲ್ಲಿ ಒಂದು ತಪ್ಪಿತು. ಆಮೇಲೆ ಬಂತು ನೋಡಿ, ಒಂದು ತಟ್ಟೆ ತುಂಬ ಜೀವಂತ ರೇಷ್ಮೆಹುಳು. ಆ ಮೇಜಿನ ಹಿಂದೆ ದಪ್ಪ ಕನ್ನಡಕದ ಮೇಷ್ಟರು ಕೂತಿದ್ದರು. ತಟ್ಟೆಯ ಅಂಚಿನಲ್ಲಿ ಒಂದು ಹುಳು ಅಲೆಯುತ್ತಿತ್ತು, ಮೈ ಊದಿ ಹೊಳೆಯುತ್ತಿತ್ತು. ನಾನು ಕಂಡೆ, ಎತ್ತಿದೆ, ಮೇಜಿನ ಕೆಳಗಿದ್ದ ಫಿನಾಯಿಲ್ ಬಕೀಟಿಗೆ ಬಿಸಾಕಿದೆ.

ಮೇಷ್ಟರು ಎದ್ದು ನಿಂತರು. "ಏಯ್, ಏನಮ್ಮಾ ಮಾಡಿದೆ? ಅದೇ ಪ್ರಶ್ನೆ! ಆ ಹುಳು ನೋಡಿ ರೋಗದ ಹೆಸರು ಬರೀಬೇಕಿತ್ತು. ಹಿಂದೆ ಇರೋರು ಏನು ನೋಡ್ತಾರೆ ಈಗ?"

ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಉತ್ತರ ಬರೆಯಲಾಗದೆ ಫೇಲಾದವಳು ಹೋದ ವರ್ಷ. ಈ ವರ್ಷ ಪ್ರಶ್ನೆಯನ್ನೇ ಎತ್ತಿ ಬಕೀಟಿಗೆ ಹಾಕಿದ್ದೆ.

"ಹಾಲುರೋಗ ಸಾರ್. ಬುಟ್ರೆ ತಟ್ಟೆಯೆಲ್ಲಾ ಹೋಯ್ತದೆ, ಅದಕ್ಕೇ..." ಎಂದು ತೊದಲಿದೆ. ಅವರು ತಲೆ ಚಚ್ಚಿಕೊಳ್ಳುತ್ತಿರುವಾಗಲೇ ನನ್ನ ಕಣ್ಣು ಸುಮ್ಮನಿರದೆ ತಟ್ಟೆಯನ್ನು ಹುಡುಕುತ್ತಿತ್ತು. "ಸಾರ್, ಆ ಸೊಪ್ಪಿನ ಕೆಳಗೆ ಇನ್ನೊಂದೈತೆ. ಅದನ್ನ ಎತ್ತಲ್ಲ ಸಾರ್, ಅದನ್ನೇ ಮಡಿಕ್ಕಳಿ."

ಮೇಷ್ಟರು ಬಗ್ಗಿ ಸೊಪ್ಪು ಸರಿಸಿದರು. ಇತ್ತು. ಕಾಗದದ ಮೇಲೆ ಏನೋ ಗೀಚಿಕೊಂಡು "ಮುಂದೆ ಹೋಗು" ಅಂದರು. ಮುಂದಿನ ಎರಡು ಮೇಜಿನಲ್ಲಿ ಏನಿತ್ತೋ ಇವತ್ತಿಗೂ ನನಗೆ ನೆನಪಿಲ್ಲ.

ಸಂಜೆ ಮನೆಗೆ ಬಂದರೆ ಅಂಗಳ ತುಂಬ ಜನ. ಚಂದ್ರಿಕೆಗಳ ತುಂಬ ಹೊನ್ನಬಣ್ಣದ ಹುಳು. ಪಕ್ಕದ ಮನೆಯ ಗಂಗಮ್ಮತ್ತೆ ಓಡಿಬಂದು ನನ್ನ ಹೊಟ್ಟೆ ಮುಟ್ಟಿ, "ಈಗೆಂಗೈತವ್ವ? ಡಾಕ್ಟ್ರು ಏನಂದ್ರು?" ಅಂದಳು. ನಾನು ಬೆಪ್ಪಾಗಿ ಅಪ್ಪನನ್ನು ನೋಡಿದೆ. ಅಪ್ಪ ಚಂದ್ರಿಕೆಯ ಹಿಂದೆ ಮುಖ ಮರೆಸಿಕೊಂಡಿದ್ದ. ಮಗಳಿಗೆ ಹೊಟ್ಟೆನೋವು, ರಾಮನಗರದ ಆಸ್ಪತ್ರೆಗೆ ಹೋಗಿದ್ದಾಳೆ ಎಂದು ಹನ್ನೆರಡು ಮನೆಗೆ ಹೇಳಿಬಂದಿದ್ದನಂತೆ. ಯಾರೋ ಓಮದ ಕಷಾಯ ಕಾಯಿಸಿ ತಂದಿದ್ದರು. ಪರೀಕ್ಷೆ ಕೆಡಿಸಿಕೊಂಡು ಬಂದ ಸಂಕಟದಲ್ಲಿ, ಇಲ್ಲದ ಹೊಟ್ಟೆನೋವಿಗೆ ಆ ಕಹಿಯನ್ನು ಒಂದು ಲೋಟ ಕುಡಿದೆ.

ಜನ ಹೋದ ಮೇಲೆ ಅಪ್ಪ ಹತ್ತಿರ ಬಂದ. "ಎಂಗಾಯ್ತು?"

"ಕೆಡಿಸ್ಬುಟ್ಟೆ. ರೋಗದ ಹುಳಾನೇ ಪ್ರಶ್ನೆಗೆ ಇಟ್ಟಿದ್ರಂತೆ. ಎತ್ತಿ ಬಿಸಾಕ್ಬುಟ್ಟೆ."

ಅಪ್ಪ ಬೆರಳಿಗೆ ಅಂಟಿದ್ದ ನೂಲು ಬಿಡಿಸಿಕೊಂಡ. "ರೋಗದ ಹುಳಾನ ಎತ್ತಿ ಬಿಸಾಕ್ದೆ ಇನ್ನೇನು ಮಡಿಕ್ಕಂಡು ಪೂಜೆ ಮಾಡ್ತಾರಾ?" ಅಂದು ಕೈ ತೊಳೆಯಲು ಹೋದ. ನನಗೆ ಅಷ್ಟು ದುಃಖದಲ್ಲೂ ನಗು ಬಂತು.

ತಿಂಗಳು ಕಳೆಯಿತು. ಅಪ್ಪ ಡೇರಿಗೆ ಹೋದ, ಊರ ಮುಂದಿನ ದಾರಿಯಲ್ಲೇ ಓಡಾಡಿದ, ಯಾರಿಗೂ ಬಾಯಿ ಬಿಡಲಿಲ್ಲ. ಮಾತು ಗಂಟಲಿಗೆ ಬಂದಾಗಲೆಲ್ಲ ಕೆಮ್ಮುತ್ತಿದ್ದ. ಅವನಿಗೆ ಕೆಮ್ಮು ಹತ್ತಿದೆ ಎಂದು ಊರವರೆಲ್ಲ ಒಂದೊಂದು ಮದ್ದು ಹೇಳಿದರು. ಕೊನೆಗೊಂದು ಮಧ್ಯಾಹ್ನ ಪೋಸ್ಟಣ್ಣ ಅಜ್ಜಿಯ ಕೈಗೆ ಕಾರ್ಡು ಕೊಟ್ಟ. ಸೀಟು ಹಂಚುವ ದಿನ ಬಂದು ಹಾಜರಾಗಬೇಕೆಂದು ಬರೆದಿತ್ತು. ಸೀಟು ಸಿಗುತ್ತದೆಂದು ಬರೆದಿರಲಿಲ್ಲ.

ಅಪ್ಪ ಮದುವೆಯ ಪಂಚೆ ಉಟ್ಟು ಜೊತೆಗೆ ಬಂದ. ಹಾಲ್‌ನ ಗೋಡೆಗೆ ಕರಿಹಲಗೆ, ಅದರ ಮೇಲೆ ಯಾವ ಕೋರ್ಸಿನಲ್ಲಿ ಎಷ್ಟು ಸೀಟು ಉಳಿದಿದೆ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಒಬ್ಬೊಬ್ಬರನ್ನು ಕರೆದಂತೆಲ್ಲ ಅಂಕಿ ಅಳಿಸಿ ಚಿಕ್ಕದು ಬರೆಯುವರು. ನನ್ನ ಹೆಸರು ಪಟ್ಟಿಯ ಬಾಲದಲ್ಲಿತ್ತು. ಅಂಕಿ ಇಳಿಯಿತು, ಇನ್ನೂ ಇಳಿಯಿತು. ಅಪ್ಪನಿಗೆ ಓದಲು ಬಾರದು, ಆದರೆ ಅಂಕಿ ಗೊತ್ತು. ನನ್ನ ಮೊಣಕೈಯ ಮೇಲಿದ್ದ ಅವನ ಹಿಡಿತ ಬಿಗಿಯಾಗುತ್ತಲೇ ಹೋಯಿತು. ಒಂದು ಸಾಲು ಸೊನ್ನೆಯಾಯಿತು, ಎರಡನೆಯದೂ ಸೊನ್ನೆಯಾಯಿತು. ನನ್ನ ಮುಂದಿದ್ದ ಹುಡುಗ ಮೇಜಿನ ಹತ್ತಿರ ಹೋಗಿ, ಅವರಪ್ಪನ ಜೊತೆ ಗುಸುಗುಸು ಮಾತಾಡಿ, ಬೇಡವೆಂದು ತಲೆಯಾಡಿಸಿ ಹೊರಟುಹೋದ.

"ಭಾಗ್ಯ" ಎಂದು ಕರೆದರು.

ಮೇಜಿನ ಹಿಂದೆ ಮೂವರಿದ್ದರು. ಅದರಲ್ಲೊಬ್ಬರು ಅದೇ ದಪ್ಪ ಕನ್ನಡಕದ ಮೇಷ್ಟರು. ಗುಮಾಸ್ತರು ಹಲಗೆ ಕಡೆ ನೋಡಿ, "ರೇಷ್ಮೆ ಕೃಷಿ ಒಂದೇ ಉಳಿದಿರೋದಮ್ಮ. ಈಗ ಹೋದ ಹುಡುಗ ಬೇಡ ಅಂದ. ಹುಳ ಸಾಕೋದು ಓದೋಕೆ ಯೂನಿವರ್ಸಿಟಿಗೆ ಯಾಕೆ ಬರಬೇಕು ಅಂತಾರೆ ಎಲ್ಲರೂ. ಹೊರಗೆ ಹೋಗಿ ಯೋಚನೆ ಮಾಡಿ ಬಂದು ಹೇಳು" ಅಂದರು.

ಯೋಚನೆ ಮಾಡಿಕೊಂಡು ನಿಲ್ಲುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. "ಕೊಡಿ ಸಾರ್" ಎಂದು ಕೈ ಚಾಚಿದೆ. ಮೇಷ್ಟರು ಕನ್ನಡಕದ ಮೇಲಿಂದ ನೋಡಿದರು. "ಬಾಮ್ಮ. ಇಲ್ಲಿಗೆ ಬಂದ ಮೇಲೆ ಮಾತ್ರ ನನ್ನನ್ನು ಕೇಳಿ ಬಿಸಾಕು" ಅಂದರು. ಅಪ್ಪನಿಗೆ ಹೆಬ್ಬೆಟ್ಟು ಒತ್ತಲು ಹೇಳಿದರು. ಅವನು ಎಷ್ಟು ಒತ್ತಿ ಹಿಡಿದನೆಂದರೆ ಗುಮಾಸ್ತರು, "ಸಾಕು ಬಿಡಿ ಯಜಮಾನ್ರೇ, ಕಾಗದ ಹರಿಯುತ್ತೆ" ಎನ್ನಬೇಕಾಯಿತು.

ಮೆಜೆಸ್ಟಿಕ್‌ನಲ್ಲಿ ರಾಮನಗರದ ಬಸ್ಸು ಹತ್ತಿದೆವು. ಅಪ್ಪ ಕಿಟಕಿ ಪಕ್ಕ ಕೂತು, ಆ ಚೀಟಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡಿದ್ದ. ಕೆಂಗೇರಿ ಹೋಯಿತು, ಬಿಡದಿ ಹೋಯಿತು, ಬಾಯಿ ಬಿಡಲಿಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಎದೆಯೊಳಗೆ ಏನೋ ಉಕ್ಕುಕ್ಕಿ ಬರುತ್ತಿತ್ತು. ನನ್ನ ಇನ್ನೊಂದು ಪಕ್ಕದಲ್ಲಿ ಮಡಿಲ ತುಂಬ ಹೂವಿನ ಬುಟ್ಟಿ ಇಟ್ಟುಕೊಂಡು ಯಾರೋ ಹೆಂಗಸು ಕೂತಿದ್ದಳು. ಅವಳ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ.

"ಅಕ್ಕಾ, ನಂಗೆ ಯೂನಿವರ್ಸಿಟಿಲಿ ಸೀಟ್ ಸಿಕ್ತು" ಅಂದೆ. ಅವಳು ಏನೆಂದು ಕೇಳುವ ಮೊದಲೇ ಫಿಸಿಕ್ಸು, ಅಜ್ಜಿ, ಮಳೆ, ಬಕೀಟು, ಕರಿಹಲಗೆ, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳತೊಡಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳುತ್ತ ನಿಂತ.

ಅಪ್ಪ ನನ್ನ ತೋಳು ಹಿಡಿದು ಜಗ್ಗಿದ. "ಮೆತ್ತಗೆ ಮಾತಾಡವ್ವ" ಅಂದ, "ಬಸ್ಸಿಗೆಲ್ಲಾ ಕೇಳಿಸ್ತೈತೆ."